ಗರಗಸ ಬಿಟ್ಟ ಸಾಲು

ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ ಹುಡುಗಿಗೆ ಗರಗಸ ಅನ್ನುವ ಹೆಸರು ಬಿದ್ದದ್ದು ಅವಳು ಹಾಡೋದಕ್ಕೂ ಮೊದಲೇ. ಒಳಗಡೆ ಗ್ರೈಂಡಿಂಗ್ ಮೆಷಿನ್ ಕಿರ್ರೆನ್ನುತ್ತಿದ್ದರೂ ಅವಳು ಕೂಗಿದ್ದು ಬೀದಿಯಾಚೆಯ ಸೈಕಲ್ ಅಂಗಡಿಗೆ ಕೇಳುತ್ತಿತ್ತು. "ನಿನ್ನ ಗಂಟಲಲ್ಲಿ ಹಲ್ಲುಗಳಿವೆ ಕಣೇ, ಮರ ಕೊಯ್ಯಬಹುದು," ಎಂದ ಅಂಗಡಿ ಯಜಮಾನ. ಆ ಹೆಸರೇ ಮುಂದೆ ಪೋಸ್ಟರುಗಳ ಮೇಲೆ ಬಂತು.

ಆ ಗಂಟಲು ಅಮ್ಮನದು. ಅಮ್ಮ ಹೋಟೆಲುಗಳ ಹಾಸುಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವವಳು. ಬಿಸಿ ಉರುಳೆಗಳ ನಡುವೆ ಒದ್ದೆ ಬಟ್ಟೆಯನ್ನು ಅಂಚು ಸರಿಮಾಡಿ ಕೊಟ್ಟರೆ ಆಚೆ ಕಡೆ ಗರಿಗರಿಯಾಗಿ ಬರುತ್ತಿತ್ತು. ಈಚೆಯವಳು ಆಚೆಯವಳ ಹತ್ತಿರ ಮಾತಾಡಬೇಕಾದರೆ ಕಿರುಚಬೇಕು. ವರ್ಷಗಟ್ಟಲೆ ಕಿರುಚಿ ಅಮ್ಮನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಜಗಳಕ್ಕೆ ನಿಂತ ಹಾಗೆ. ಗಂಡ ಕಣ್ಮುಚ್ಚಿದ ಮೇಲೆ ಇದ್ದವರು ತಾಯಿ ಮಗಳು ಇಬ್ಬರೇ. ಆದರೂ ಹೊರಗಿನಿಂದ ಕೇಳಿದವರಿಗೆ ಆ ಮನೆಯಲ್ಲಿ ಹತ್ತು ಜನ ಇದ್ದಾರೆ ಅನ್ನಿಸುತ್ತಿತ್ತು.

ಮಗಳು ತಡಮಾಡಿ ಬಂದ ದಿನವಂತೂ ಬೈಗುಳ ಬಾಗಿಲಲ್ಲೇ ಕಾದಿರುತ್ತಿತ್ತು.

"ಮನೆ ಏನು ಬಸ್ ಸ್ಟ್ಯಾಂಡಾ? ಹೊತ್ತಿಲ್ಲ ಗೊತ್ತಿಲ್ಲ, ಬಂದೆ ಹೋದೆ, ಬಂದೆ ಹೋದೆ! ಆ ತಲೆ ನೋಡು, ಕಾಗೆ ಬಂದು ಬಾಡಿಗೆ ಕೇಳುತ್ತೆ! ಹೋಗು, ಬಂದ ದಾರೀಲೇ ಹೋಗು, ನನ್ನ ಹೊಸಿಲು ತುಳೀಬೇಡ!"

ಇಷ್ಟಾದ ಮೇಲೆ ಉಸಿರೆಳೆದುಕೊಂಡು, ದನಿ ಇಳಿಸಿ, ಪ್ರತಿ ಸಲವೂ ಒಂದೇ ಮಾತು: "ಕೈ ತೊಳ್ಕೊ, ತಟ್ಟೆ ಹಾಕಿದೀನಿ."

ಯಜಮಾನನ ತಂಗಿಯ ಮಗನನ್ನು ಎಲ್ಲರೂ ಡಬ್ಬಿ ಎನ್ನುತ್ತಿದ್ದರು. ಅವನು ಕಂಡ ಕಂಡ ವಾರ್ನಿಷ್ ಡಬ್ಬಿಯ ಮೇಲೆಲ್ಲ ತಾಳ ಹಾಕುವವನು. ಗಿಟಾರಿನ ಗೆಳೆಯರಿಬ್ಬರನ್ನು ಕರೆತಂದು ರಜಾದಿನ ಅಂಗಡಿಯ ಷಟರ್ ಇಳಿಸಿ ಅವನು ಪಂಕ್ ಅನ್ನುವ ಕಿರುಚಾಟದ ಸಂಗೀತ ಶುರು ಮಾಡಿದ. "ಮೂರು ಸ್ವರ ಬಂದ್ರೆ ಸಾಕು. ಆದ್ರೆ ಸಿಟ್ಟು ಸುಳ್ಳಾಗಿರಬಾರದು," ಎಂದ. ಗರಗಸನ ತೊಂದರೆ ಅಲ್ಲೇ ಇತ್ತು. ಗಂಟಲಿತ್ತು, ಸಿಟ್ಟಿರಲಿಲ್ಲ. ಹೊಟ್ಟೆ ತುಂಬ ಉಂಡು ಬೆಳೆದ ಹುಡುಗಿಗೆ ಲೋಕದ ಮೇಲೆ ಎಲ್ಲಿಂದ ಸಿಟ್ಟು ಬರಬೇಕು? ಅವಳು ಅಮ್ಮನ ಸಿಟ್ಟನ್ನು ಕೇಳದೆ ಎತ್ತಿಕೊಂಡಳು. ಅಮ್ಮನ ಬೈಗುಳವನ್ನು ಒಂದಕ್ಷರ ಬದಲಿಸದೆ ಕಿರುಚಿದಳು.

ಡಬ್ಬಿ ಕೋಲು ಕೆಳಗಿಟ್ಟು ಬಾಯಿ ಬಿಟ್ಟ. "ಆಮೇಲೆ? ಕೊನೆಗೆ ಏನಂತಾರೆ ನಿಮ್ಮಮ್ಮ?"

ಅವಳ ಕಣ್ಣ ಮುಂದೆ ತಟ್ಟೆ ಬಂತು. "ಅಷ್ಟೇ. ಹೊಸಿಲು ತುಳೀಬೇಡ ಅಂತಾಳೆ, ಅಷ್ಟೇ."

ಹಾಡು ಬೆಂಕಿಯ ಹಾಗೆ ಹಬ್ಬಿತು. ಹಳೆಯ ಗೋದಾಮುಗಳಲ್ಲಿ, ಕಾಲೇಜುಗಳ ಹಿಂಭಾಗದಲ್ಲಿ, ಕೊನೆಗೆ ಊರಿನ ದೊಡ್ಡ ಹಾಲಿನಲ್ಲಿ ಹುಡುಗ ಹುಡುಗಿಯರು "ಹೊಸಿಲು ತುಳೀಬೇಡ!" ಎಂದು ಒಂದೇ ಬಾಯಲ್ಲಿ ಕೂಗಿ ಕುಣಿದರು. ತಮ್ಮ ತಮ್ಮ ಮನೆಯವರ ಮೇಲಿನ ಸಿಟ್ಟನ್ನೆಲ್ಲ ಅದರೊಳಗೆ ತುಂಬಿದರು. ಪತ್ರಿಕೆಯವನು ಬಂದು, "ತಾಯಿ ನಿಮ್ಮನ್ನ ನಿಜವಾಗ್ಲೂ ಮನೆಯಿಂದ ಆಚೆ ಹಾಕಿದ್ರಾ?" ಎಂದು ಕೇಳಿದ. ಗರಗಸ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮುಖ ಗಂಟು ಹಾಕಿಕೊಂಡು ಫೋಟೊಗೆ ನಿಂತಳು.

ಅದು ಅಚ್ಚಾದ ವಾರ ಇಸ್ತ್ರಿ ಯಂತ್ರದ ಆಚೆ ಬದಿಯ ಹೆಂಗಸು ದಾರಿಯಲ್ಲಿ ಅವಳನ್ನು ತಡೆದು ನಿಲ್ಲಿಸಿದಳು.

"ಖುಷಿ ಆಯ್ತೇನೇ? ಸೂಪರ್‌ವೈಸರ್ ಎಲ್ಲರ ಮುಂದೆ ಕೇಳ್ದ, 'ಏನಮ್ಮಾ, ಹೆತ್ತ ಮಗಳಿಗೇ ಹೊಸಿಲು ತುಳೀಬೇಡ ಅಂದ್ಯಂತೆ' ಅಂತ. ನಿಮ್ಮಮ್ಮ ಬಾಯಿ ಬಿಡ್ಲಿಲ್ಲ. ಅವಳು! ಬಾಯಿ ಬಿಡ್ಲಿಲ್ಲ!"

ಗರಗಸ ಮನೆಗೆ ಓಡಿದಳು. ಬೈಗುಳಕ್ಕೆ ಮೈಯೊಡ್ಡಿ ನಿಂತಳು. ಅಮ್ಮ "ಬಂದ್ಯಾ," ಎಂದು ಒಲೆಯ ಕಡೆ ತಿರುಗಿದಳು. ತಟ್ಟೆ ಇತ್ತು, ಅದರ ಮಾತಿರಲಿಲ್ಲ.

ಮರುದಿನವೂ ಹಾಗೆಯೇ. ಅವಳು ತಲೆಗೆ ಹಸಿರು ಬಣ್ಣ ಬಳಿದುಕೊಂಡು ಬಂದಳು, ಬಾಗಿಲು ತೆರೆದೇ ಬಿಟ್ಟಳು, ಕೆಸರು ಶೂ ಹಾಕಿಕೊಂಡೇ ಅಡುಗೆಮನೆಗೆ ನಡೆದಳು. ಅಮ್ಮ ಬಟ್ಟೆ ತಂದು ನೆಲ ಒರೆಸಿದಳು, ಅಷ್ಟೇ. ತಪ್ಪಾಯಿತು ಅನ್ನುವ ಮಾತು ಮಗಳ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಸಾವಿರ ಜನರೆದುರು ಕಿರುಚುವವಳಿಗೆ ಅಡುಗೆಮನೆಯಲ್ಲಿ ದನಿ ಹೊರಡಲಿಲ್ಲ.

ಆಮೇಲೆ ಅವಳು ಆ ಹಾಡನ್ನು ಬಿಟ್ಟಳು. ಜನ ಅವಳನ್ನು ಬಿಟ್ಟರು. ಹೊಸ ಹಾಡಿನ ನಡುವೆ ಪ್ಲಾಸ್ಟಿಕ್ ಲೋಟಗಳು ಬಂದು ಬಿದ್ದವು. ಗಿಟಾರಿನವರು ಮದುವೆ ಮಕ್ಕಳು ಅಂತ ಚದುರಿದರು. ಯಜಮಾನ ಹೋದ ಮೇಲೆ ಅಂಗಡಿ ಡಬ್ಬಿಯ ಕೈಗೆ ಬಂತು, ಗರಗಸ ಮತ್ತೆ ಅದೇ ಸ್ಟೂಲಿನ ಮೇಲೆ ಕೂತು ತಂತಿ ಸುತ್ತತೊಡಗಿದಳು.

ಲಾಂಡ್ರಿಯ ಗದ್ದಲ ಅಮ್ಮನ ಕಿವಿಗಳನ್ನು ನಿಧಾನವಾಗಿ ತಿಂದುಹಾಕಿತು. ಡಾಕ್ಟರು ಕೊಟ್ಟ ಕಿವಿಯ ಯಂತ್ರ ಸಿಳ್ಳೆ ಹೊಡೆಯುತ್ತದೆಂದು ಅಮ್ಮ ಅದನ್ನು ಸಕ್ಕರೆ ಡಬ್ಬದಲ್ಲಿ ಮುಚ್ಚಿಟ್ಟಳು. ಯಾರ ಮಾತೂ ಅವಳಿಗೆ ತಲುಪುತ್ತಿರಲಿಲ್ಲ, ಗರಗಸನದೊಂದನ್ನು ಬಿಟ್ಟು. "ಸ್ವಲ್ಪ ನಿಮ್ಮಮ್ಮನಿಗೆ ಹೇಳಮ್ಮಾ," ಎಂದು ಗ್ಯಾಸಿನವನು, ಪಕ್ಕದ ಮನೆಯಾಕೆ ಎಲ್ಲರೂ ಬರುತ್ತಿದ್ದರು. ಊರವರ ಮಾತನ್ನೆಲ್ಲ ಅಮ್ಮನ ಕಿವಿಗೆ ಮುಟ್ಟಿಸಿದವಳು ತನ್ನದೊಂದನ್ನು ಮಾತ್ರ ಹಾಗೇ ಇಟ್ಟುಕೊಂಡಳು. ಅದನ್ನು ಹೇಳಬೇಕಾದರೆ ಈಗ ಬೀದಿಗೆಲ್ಲ ಕೇಳುವಂತೆ ಹೇಳಬೇಕಾಗಿತ್ತು.

ಹೀಗೇ ವರ್ಷಗಳು ಉರುಳಿದ ಮೇಲೆ ಆ ದೊಡ್ಡ ಹಾಲನ್ನು ಕೆಡವುತ್ತಾರೆಂದು ಸುದ್ದಿಯಾಯಿತು. ಹಳೆಯ ತಂಡಗಳೆಲ್ಲ ಒಂದು ಮಧ್ಯಾಹ್ನ ಅಲ್ಲಿ ಸೇರಿ ಹಾಡುವುದೆಂದು ಮಾತಾಯಿತು. ಡಬ್ಬಿ ಹಟ ಹಿಡಿದ. "ಆ ಹಾಡು ಹಾಡ್ದೆ ಇದ್ರೆ ಅಲ್ಲಿಗೆ ಬರಲೇಬೇಡ ನೀನು. ನಿಮ್ಮಮ್ಮನ್ನ ಕೇಳು ಬೇಕಾದ್ರೆ."

ಅವಳು ಅಮ್ಮನ ಮುಂದೆ ಕೂತಳು. "ಅಮ್ಮಾ! ಆ ಹಾಡು ಮತ್ತೆ ಹಾಡ್ಲಾ?"

"ಯಾವ್ದು?"

"ನಿನ್ನ ಬೈಗುಳದ್ದು!"

ಎದುರು ಮನೆಯ ಕಿಟಕಿ ತೆರೆಯಿತು.

"ಬೈದೋಳು ನಾನೇ ತಾನೆ? ಹಾಡ್ಕೊ. ಬೈಗುಳಕ್ಕೆ ನನಗೆ ಯಾವತ್ತೂ ಬೇಜಾರಿರಲಿಲ್ಲ." ಅಮ್ಮ ಟವೆಲಿನ ಅಂಚು ಅಂಚಿಗೆ ಕೂಡಿಸಿದಳು. "ತಟ್ಟೆ ಎಲ್ಲಿ ಬಚ್ಚಿಟ್ಟೆ, ಅದನ್ನ ಹೇಳು."

ಗರಗಸನ ತುಟಿ ಆಡಿತು.

"ಏನು? ಕೇಳಿಸ್ಲಿಲ್ಲ."

"ನಾನೇ ಬಿಟ್ಟೆ! ಬೇಕಂತಲೇ ಬಿಟ್ಟೆ ಅಮ್ಮಾ! ತಪ್ಪಾಯ್ತು!"

ಬೀದಿಯಲ್ಲಿ ಒಂದು ಸೈಕಲ್ ನಿಂತಿತು. ಅಮ್ಮ ಟವೆಲು ಮಡಿಸಿಟ್ಟಳು. "ನನಗ್ಯಾಕೆ ಹೇಳ್ತೀಯ? ಬಡಿಸಿದೋಳು ನಾನು, ನನಗೆ ಗೊತ್ತಿಲ್ವಾ? ಹಾಡು ಕೇಳಿದೋರಿಗೆ ಹೇಳು."

ಹಾಲಿನಲ್ಲಿ ತಲೆಗಳೆಲ್ಲ ನರೆತಿದ್ದವು. ಮಂಡಿಗೆ ಪಟ್ಟಿ ಕಟ್ಟಿಕೊಂಡವರೂ ಕುಣಿದರು. "ಹೊಸಿಲು ತುಳೀಬೇಡ!" ಎಂದು ಚಾವಣಿಯ ಧೂಳು ಉದುರುವ ಹಾಗೆ ಕೂಗಿದರು. ಕೊನೆಯ ಪೆಟ್ಟಿಗೆ ಡಬ್ಬಿ ಕೋಲೆತ್ತಿದಾಗ ಗರಗಸ ಕೈ ಅಡ್ಡ ಹಿಡಿದಳು. ತಾಳವಿಲ್ಲ, ರಾಗವಿಲ್ಲ, ಬರೀ ಮಾತಿನಲ್ಲಿ ಅಂದಳು: "ಕೈ ತೊಳ್ಕೊ, ತಟ್ಟೆ ಹಾಕಿದೀನಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಹಾಲೆಲ್ಲ ನಕ್ಕಿತು.

"ಇದೆಲ್ಲಿಂದ ತಂದ್ಯೇ?" ಎಂದ ಡಬ್ಬಿ ಹಿಂದಿನಿಂದ.

"ಅವತ್ತೇ ಇತ್ತು. ನಿನಗೆ ಸುಳ್ಳು ಹೇಳಿದ್ದೆ."

ಅವಳು ಮುಖ ಮುಖ ಹುಡುಕಿದಳು. ಸೂಪರ್‌ವೈಸರ್ ಸತ್ತು ಎಷ್ಟೋ ಕಾಲವಾಗಿತ್ತು. ಆಚೆ ಬದಿಯ ಹೆಂಗಸು ಬೇರೆ ಊರಿನ ಮಗನ ಮನೆ ಸೇರಿದ್ದಳು. ಆ ಮಾತು ಯಾರ ಕಿವಿಗೆ ಬೀಳಬೇಕಾಗಿತ್ತೋ ಅವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. "ಹೇಳಿದ್ಯಾ?"

"ಹೇಳಿದೆ!"

"ಏನಂದ್ರು?"

"ನಕ್ರು!"

"ನಗ್ಲಿ ಬಿಡು." ಅಮ್ಮ ಸೆರಗಿನ ಅಂಚು ಸರಿಮಾಡುತ್ತ ಕೇಳಿದಳು, "ಲಾಂಡ್ರಿಯೋರು ಯಾರಾದ್ರೂ ಬಂದಿದ್ರಾ?"

ಬಂದಿದ್ದರು ಅಂದಿದ್ದರೆ ಮುದುಕಿಯ ಜೀವಕ್ಕೆ ಸಮಾಧಾನವಾಗುತ್ತಿತ್ತು. ಆದರೆ ಹಿಂದೆ ಹೇಳಿದ ಒಂದು ಸುಳ್ಳೇ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿತ್ತು. "ಇಲ್ಲಮ್ಮಾ! ಯಾರೂ ಬಂದಿರಲಿಲ್ಲ!"

ಅಮ್ಮ ತಲೆಯಾಡಿಸಿದಳು. ಅವಳ ಕಣ್ಣು ಮಗಳ ಮುಖದಿಂದ ಕೆಳಗಿಳಿದು ಕಾಲಿನ ಹತ್ತಿರ ನಿಂತಿತು.

"ಶೂ ಹಾಕ್ಕೊಂಡೇ ಒಳಗೆ ಬಂದಿದೀಯಲ್ಲೇ," ಅಂದಳು.

ಗರಗಸ ಶೂ ಬಿಚ್ಚಲಿಲ್ಲ. ಬೈಗುಳದ ಮುಂದಿನ ಮಾತಿಗೆ ಕಾಯುತ್ತ ಅಲ್ಲೇ ನಿಂತಳು.