ಮೋಟರ್ ರಿಪೇರಿಯವರ ಹವಳ

ಇಂಡಿ ಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಮೋಟರ್ ರಿಪೇರಿಯವರು ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಕಡಲನ್ನೇ ಸಾಕಿದ್ದರು: ಉಪ್ಪುನೀರು, ಎರಡು ಕಿತ್ತಳೆ ಬಣ್ಣದ ಮೀನು, ಹೂವಿನಂತೆ ಅರಳುವ ಜೀವಂತ ಹವಳ. "ನಮ್ಮ ಬೋರಿನ ನೀರೂ ಉಪ್ಪ ಐತಲ್ರಿ, ಮತ್ಯಾಕ ಉಪ್ಪು ತರಸ್ತೀರಿ?" ಎಂದು ಓಣಿಯವರು ಕಾಡಿದರೆ, "ಇರಲಿ ಬಿಡ್ರಿ" ಎಂದು ನಗುತ್ತಿದ್ದರು. ಯಾವುದಕ್ಕೂ ಅದೇ ಮಾತು. ಆ ನೀರು ಮುಟ್ಟುವ ಮುನ್ನ ಮಾತ್ರ ಗ್ರೀಸಿನ ಕೈಯನ್ನು ಮೊಣಕೈವರೆಗೆ ತಿಕ್ಕಿ ತೊಳೆಯುತ್ತಿದ್ದರು.

ಹವಳ ಬೆಳೆದು ಜಾಗ ಸಾಲದಾಗಿ, ದೊಡ್ಡ ಪೆಟ್ಟಿಗೆ ತಂದು ಅದನ್ನು ಸಾಗಿಸಿದ ದಿನ, ಹೊಸ ಬೋರಿಗೆ ಗಂಗಾಪೂಜೆ ಮಾಡುವಂತೆ ನಾನು ಅರಿಶಿನ ಕುಂಕುಮವನ್ನು ನೀರಿಗೇ ಹಾಕಿಬಿಟ್ಟೆ. ಹವಳ ಮುದುಡಿಕೊಂಡಿತು.

"ಅಯ್ಯ ಯವ್ವಾ, ಏನ್ ಮಾಡಿಬಿಟ್ರಿ!" ಎಂದು ಅವರ ಹೆಂಡತಿ ಚೀರಿದರು. ನನಗೆ ಅಳು ಬಂತು.

"ಇರಲಿ ಬಿಡ್ರಿ ಅಕ್ಕಾರ, ಗಂಗವ್ವಗ ಉಡಿ ತುಂಬೀರಿ. ನೀರು ಬದಲಿಸೋದು ನಿಮಗೂ ಕಲಿಸ್ತೇನಿ" ಎಂದರು ರಿಪೇರಿಯವರು. ದಿನವೂ ಸ್ವಲ್ಪ ನೀರು ತೆಗೆಸಿ, ಉಪ್ಪು ಅಳೆದು ಹೊಸದನ್ನು ನನ್ನಿಂದಲೇ ಹಾಕಿಸಿದರು. ಹದಿನೈದು ದಿನಕ್ಕೆ ಹವಳ ಅರಳಿತು.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆಂದು ಅವರ ಹೆಂಡತಿ ಅಂದಾಗ ನಾನೇ ತಡೆದೆ. ಈಗ ಇಬ್ಬರೂ ಸೇರಿ ನೀರು ಬದಲಿಸುತ್ತೇವೆ. ನಿನ್ನೆ ಹವಳದ ಬುಡದಲ್ಲಿ ಹೊಸ ಮೊಗ್ಗು ಕಂಡಿತು. ಅವರ ಹೆಂಡತಿ ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನೋಡಿದರು.

"ಇನ್ನೂ ದೊಡ್ಡ ಪೆಟಗಿ ಬೇಕಾಗ್ತೈತೇನ್ರಿ?" ಎಂದು ಕೇಳಿದರು.