ಬಾಣಂತಿ ಕೋಣೆಯ ಕಿಟಕಿ

ಮೊದಲ ಮಗುವಿನ ನ್ಯಾಪಿ ಬದಲಾಯಿಸುವುದನ್ನು ನಾನು ಕಲಿತದ್ದು ಬೆರಳುಗಳಿಂದ ನೋಡಿ. ಅರವತ್ತರ ದಶಕದ ಕೊಳ್ಳೇಗಾಲ. ತಾಯಿಯಿಲ್ಲದ ನನಗೆ ತವರಿನ ಬಾಣಂತನವಿರಲಿಲ್ಲ. ರೇಷ್ಮೆ ನೇಯುವ ಗಂಡನ ಮನೆಯಲ್ಲೇ, ಮಗ್ಗದ ಪಕ್ಕದ ಕೋಣೆಯಲ್ಲಿ ಮಲಗಿದ್ದೆ. ಒಂದೇ ಕಿಟಕಿ. ಅದರ ಸಂದಿಗೂ ಅತ್ತೆ ಬಟ್ಟೆ ತುರುಕಿದ್ದರು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಪಿಚ್ ಡಾರ್ಕ್. ಗೋಡೆಯಾಚೆ ಗಂಡನ ಲಾಳಿಯ ಟಕ್ ಟಕ್.

ಮೈಸೂರಿನ ಕಾನ್ವೆಂಟಿನಲ್ಲಿ ವೆಂಟಿಲೇಷನ್ ಬಗ್ಗೆ ಎಸ್ಸೆ ಬರೆದು ಪ್ರೈಜ್ ಪಡೆದವಳು ನಾನು. ಅದು ನೆನಪಾದಾಗ ನಗು ಬರುತ್ತಿತ್ತು. ಹೊಟ್ಟೆಗೆ ಬಿಗಿದ ಸೀರೆ ನಗಲೂ ಬಿಡುತ್ತಿರಲಿಲ್ಲ.

ಮಗು ಒದ್ದೆ ಮಾಡಿಕೊಂಡಾಗೆಲ್ಲ ತಡಕಾಟ. ಯಾವ ಬಟ್ಟೆ ಒಣಗಿದ್ದು, ಯಾವುದು ಹಸಿ, ಕೈಗೆ ಸಿಕ್ಕಿದ್ದು ಮಗುವಿನ ಕಾಲೋ ತೋಳೋ. ಗಂಟು ಬಿಚ್ಚುವಷ್ಟರಲ್ಲಿ ನನ್ನ ಮಡಿಲೂ ತೊಯ್ದಿರುತ್ತಿತ್ತು. ಅದನ್ನೆಲ್ಲ ಸಹಿಸಬಹುದಿತ್ತು. ಆದರೆ ಹೊಸ ಬಟ್ಟೆ ಸುತ್ತಿದ ಕೂಡಲೇ ಮಗು ಕಿಟಾರನೆ ಕಿರುಚುತ್ತಿತ್ತು. ತೊಡೆಯ ಮೇಲೆ ಬೆರಳಾಡಿಸಿದರೆ ಏನೋ ಗೀರಿನಂತೆ ತಟ್ಟುತ್ತಿತ್ತು. ಅದೇನೆಂದು ಒಮ್ಮೆ ನೋಡಬೇಕಿತ್ತು, ಅಷ್ಟೇ.

“ಅತ್ತೆ, ಒಂದು ಗಳಿಗೆ ಕಿಟಕಿ ತೆಗೀರಿ. ಮಗೂಗೆ ರ‍್ಯಾಷ್ ಆಗಿರಬೇಕು.”

“ಅದೇನೋ ನಂಗೊತ್ತಿಲ್ಲ ಕಣಮ್ಮಿ. ಗಾಳಿ ಒಡುದ್ರೆ ನಿಂಗೂ ಸೀತ, ಕೂಸ್ಗೂ ಸೀತ.”

“ದೀಪ ಆದ್ರೂ ಕೊಡಿ.”

“ರೇಸ್ಮೆ ಮಡ್ಗಿವ್ನಿ, ಕಿಡಿ ಬಿದ್ರೆ? ಏಳು ಮಕ್ಳ ಎತ್ತು ಸಾಕಿವ್ನಿ, ಒಂದ್ಕೂ ದೀಪ ಇಡ್ದು ನೋಡ್ನಿಲ್ಲ. ಎಲ್ಲಾ ನೆಟ್ಟಗವೆ. ನಿನ್ ಗಂಡನ್ನೇ ನೋಡು.”

ಗೋಡೆಯಾಚೆ ಲಾಳಿ ಒಂದು ಕ್ಷಣ ನಿಂತು ಮತ್ತೆ ಟಕ್ ಎಂದಿತು.

ರೇಷ್ಮೆಗೆ ಮೈಲಿಗೆಯಿಲ್ಲ ಎಂಬ ಧೈರ್ಯದಿಂದ, ಧೂಳು ತಾಕದಿರಲೆಂದು, ಮಗ್ಗದಿಂದ ಇಳಿಸಿದ್ದನ್ನೆಲ್ಲ ಅತ್ತೆ ನನ್ನ ತಲೆಯ ಮೇಲಿನ ಹಲಗೆಯಲ್ಲೇ ಇಡುತ್ತಿದ್ದರು. ಒಂದು ಮಧ್ಯಾಹ್ನ ನಿದ್ದೆಗಣ್ಣಿನಲ್ಲಿ ಒಣ ಬಟ್ಟೆಗೆ ತಡಕುತ್ತಿದ್ದಾಗ ಮೆತ್ತಗಿನದೊಂದು ಸಿಕ್ಕಿತು. ಎಳೆದು ಸುತ್ತಿದೆ. ಮಗು ಅಳಲಿಲ್ಲ. ಅಷ್ಟು ದಿನದಲ್ಲಿ ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಹಲಗೆ ತಡವಿದರು. ಆಮೇಲೆ ಮಗುವನ್ನು ತಡವಿದರು.

“ನಿನ್ ಕಾನ್ಮೆಂಟ್ಗಿಷ್ಟು ಬೆಂಕಿ ಆಕ. ಮದ್ವೆ ಗಂಡಿನ ಸಲ್ಯ ಕಣಮ್ಮಿ ಇದು.”

ಧಡಾರನೆ ಕಿಟಕಿ ತೆರೆಯಿತು. ನಾನು ಬೇಡಿದ್ದಕ್ಕಲ್ಲ, ಶಲ್ಯದ ಕಲೆ ನೋಡುವುದಕ್ಕೆ.

ಬೆಳಕು ಕಣ್ಣು ಕುಕ್ಕಿತು. ಮಗಳ ಎರಡೂ ತೊಡೆಯ ಮೇಲೆ ಕೆಂಪು ಗೀರು. ಪಕ್ಕದ ನ್ಯಾಪಿಯನ್ನು ಎತ್ತಿ ಹಿಡಿದೆ. ಹಳೆಯ ಪಂಚೆ ಹರಿದು ಮಾಡಿದ್ದು. ಅಂಚು ಕತ್ತರಿಸಿದ್ದರೂ ಜರಿಯ ಎಳೆಯೊಂದು ಉಳಿದು ಮಿನುಗುತ್ತಿತ್ತು. ಉಳಿದವುಗಳಲ್ಲೂ ಹಾಗೇ.

“ನೋಡಿ ಅತ್ತೆ.”

ಅತ್ತೆ ಶಲ್ಯವನ್ನು ಮೂಲೆಗೆ ಹಾಕಿ ಬಂದು ಕೂತರು. ಬಟ್ಟೆಗಳನ್ನೆಲ್ಲ ಮಡಿಲಿಗೆಳೆದುಕೊಂಡು ಜರಿಯನ್ನು ಹಲ್ಲಿನಿಂದ ಕಚ್ಚಿ ಎಳೆಯತೊಡಗಿದರು. ಗೀರಿಗೆ ಕೊಬ್ಬರಿ ಎಣ್ಣೆ ಸವರಿದರು. ಅಷ್ಟು ಹೊತ್ತೂ ಕಿಟಕಿ ತೆರೆದಿತ್ತು. ನಾನು ಮಗಳ ಮುಖ ನೋಡುತ್ತಿದ್ದೆ. ಹುಬ್ಬು ಇನ್ನೂ ಸರಿಯಾಗಿ ಮೂಡಿರಲಿಲ್ಲ. ಗಲ್ಲದಲ್ಲಿ ನನ್ನ ಅಮ್ಮನ ಗುಳಿಯಿತ್ತು.

“ಆಯ್ತಲ್ಲ, ನೋಡ್ದಲ್ಲ,” ಎಂದು ಅತ್ತೆ ಎದ್ದರು. ಕಿಟಕಿ ಮುಚ್ಚಿತು. ಸಂದಿಗೆ ಬಟ್ಟೆ ತುರುಕುವ ಸದ್ದು ಕೇಳಿಸಿತು.

ಕತ್ತಲೆಯಲ್ಲಿ ಬೆರಳು ಚಾಚಿದೆ. ಗುಳಿ ಎಲ್ಲಿದೆಯೆಂದು ಈಗ ಅದಕ್ಕೆ ಗೊತ್ತಿತ್ತು.