ಆಂಬ್ರೋಸ್ ಸೇದಿದ ಕೋಳಿಗಳು

ಮುತ್ತನ್ನು ಅರೆದು ಕುಡಿದ ರಾಣಿಯರಿದ್ದಾರೆ, ಚಿನ್ನದ ಎಳೆಯಲ್ಲಿ ಹಾಸಿಗೆ ನೇಯಿಸಿಕೊಂಡ ದೊರೆಗಳಿದ್ದಾರೆ. ಆದರೆ ತನ್ನ ಆಸ್ತಿಗೆ ತಾನೇ ಬೆಂಕಿಯಿಟ್ಟು, ಅದನ್ನು ಮೂಗಿನಿಂದ ಹೊರಬಿಟ್ಟು, ಆನಂದದಿಂದ ಕಣ್ಣು ಮುಚ್ಚುತ್ತಿದ್ದ ಮಹಾನುಭಾವ ಭೂಮಂಡಲದಲ್ಲಿ ಒಬ್ಬನೇ: ಜೇಮ್ಸ್ ನದಿ ದಂಡೆಯ ಆಂಬ್ರೋಸ್ ಕ್ರಿಪ್ಸ್.

ಇಂಗ್ಲಿಷರು ಅಮೆರಿಕದ ವರ್ಜೀನಿಯಾಕ್ಕೆ ಹೊಸದಾಗಿ ಬಂದು ನೆಲೆಸಿದ್ದ ಕಾಲ; ಅಲ್ಲಿ ಬೆಳ್ಳಿ ನಾಣ್ಯ ಕಂಡವರೇ ಕಡಿಮೆ. ಹೊಗೆಸೊಪ್ಪೇ ಹಣ. ಒಂದು ಹಿಡಿ ಸೊಪ್ಪು ಕೊಟ್ಟರೆ ಒಂದು ಕೋಳಿ. ಪಾದ್ರಿಗೆ ಸಂಬಳ ಸೊಪ್ಪು. ಪಾದ್ರಿಯ ಉಪದೇಶ ತಪ್ಪಿಸಿಕೊಂಡವನಿಗೆ ದಂಡವೂ ಸೊಪ್ಪು. ಹಾಗಾಗಿ ಸಂಜೆ ಆಂಬ್ರೋಸ್ ತನ್ನ ಮಣ್ಣಿನ ಕೊಳವೆ ಹೊತ್ತಿಸಿದನೆಂದರೆ ನೆರೆಯವರಿಗೆಲ್ಲ ಹಬ್ಬ.

"ಅಗೋ, ಕೋಳಿ ಹಾರ್ತು!"

"ಕೋಳಿಯಲ್ಲ ಮಾರಾಯ, ಆ ಹೊಗೆ ನೋಡು, ಹಂದಿಮರಿನೇ ಇರ್ಬೇಕು!"

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಪಕ್ಕದ ಹೊಲದ ಗೈಲ್ಸ್ ಹ್ಯಾಚರ್. ಅವನು ಒಂದೆಲೆಯನ್ನೂ ಸುಟ್ಟವನಲ್ಲ. ಸೊಪ್ಪಿನ ಸುರುಳಿಗಳ ಮೇಲೆಯೇ ಮಲಗುತ್ತಿದ್ದ.

ಆಗ ಸುದ್ದಿ ಬಂತು. ಲಂಡನ್ನಿನಿಂದ ಮದುವೆಯಾಗಲು ಹೆಣ್ಣುಗಳು ಹಡಗು ಹತ್ತಿದ್ದಾರೆ. ಹೆಣ್ಣು ಒಪ್ಪಿದರೆ, ಅವಳ ಹಡಗಿನ ಖರ್ಚಿಗೆ ಗಂಡು ನೂರಿಪ್ಪತ್ತು ಪೌಂಡು ತೂಕದ ಒಳ್ಳೆಯ ಸೊಪ್ಪನ್ನು ಅವರನ್ನು ಕರೆತರುವ ಕಂಪನಿಗೆ ಕಟ್ಟಬೇಕು.

ತಾನೇ ಬೇಯಿಸಿದ ಮೆಕ್ಕೆಜೋಳದ ಗಂಜಿಯನ್ನು ಗೋಡೆ ನೋಡುತ್ತಾ ತಿಂದು ತಿಂದು ಆಂಬ್ರೋಸ್‌ಗೆ ಬೇಸರ ಬಂದಿತ್ತು. ಕೊಟ್ಟಿಗೆಗೆ ಹೋಗಿ ತೂಗಿ ನೋಡಿದ. ಸರಿಯಾಗಿ ನೂರಿಪ್ಪತ್ತು. ಒಂದು ಚಿಟಿಕೆ ಹೆಚ್ಚಿಲ್ಲ. ಸೇದಿದರೆ ಹೆಂಡತಿಯಿಲ್ಲ, ಹೆಂಡತಿ ಬೇಕಾದರೆ ಸೇದುವ ಹಾಗಿಲ್ಲ!

ಅಂದೇ ಶುರುವಾಯಿತು ಘೋರ ತಪಸ್ಸು. ಕೊಳವೆಯನ್ನು ಸೂರಿನಲ್ಲಿ ಸಿಕ್ಕಿಸಿದ. ಒಣಹುಲ್ಲು ಅಗಿದ. ಸೇದುವವರು ದಾರಿಯಲ್ಲಿ ಸಿಕ್ಕರೆ ಮೂಗರಳಿಸಿಕೊಂಡು ಹಿಂದೆ ಹಿಂದೆ ನಡೆದ. ಅಂತೂ ಹಡಗು ಬಂದ ದಿನ ಅವನ ಕೈಗಾಡಿಯಲ್ಲಿ ಸೊಪ್ಪು ಪೂರ್ತಿಯಿತ್ತು.

ಎಲ್ಲ ಗಂಡಸರೂ ಮುಖ ತೊಳೆದು ಬಂದಿದ್ದರಿಂದ ಒಬ್ಬರ ಗುರುತು ಒಬ್ಬರಿಗೆ ಸಿಗುತ್ತಿರಲಿಲ್ಲ. ಕೈಚೀಲ ಹೊಲಿಯುವವನ ಮಗಳು ಡಾರ್ಕಸ್ ಹಡಗಿನಿಂದಿಳಿದು, ಆಂಬ್ರೋಸನ ಪಕ್ಕದ ಪೀಪಾಯಿಯ ಮೇಲೆ ಕೂತು, ಸೊಂಟದ ಚೀಲದಿಂದ ಒಂದು ಕೊಳವೆ ತೆಗೆದಳು.

"ರೀ, ಬೆಂಕಿ ಇದ್ಯಾ? ಹಡಗಲ್ಲಿ ಒಂದು ಕಿಡಿ ಮುಟ್ಟೋಕೂ ಬಿಡ್ಲಿಲ್ಲ. ಹುಚ್ಚು ಹಿಡಿಯೋದೊಂದು ಬಾಕಿ."

ಆಂಬ್ರೋಸ್ ಓಡಿಹೋಗಿ ದಂಡೆಯ ಮೇಲಿನ ಅಡುಗೆ ಒಲೆಯಿಂದ ಕೆಂಡ ತಂದ.

"ಸೊಪ್ಪು?" ಅಂದಳು ಡಾರ್ಕಸ್, ಗಾಡಿ ನೋಡುತ್ತಾ.

ಗಾಡಿಯಲ್ಲಿದ್ದದ್ದು ಸರಿಯಾಗಿ ನೂರಿಪ್ಪತ್ತು. ಆದರೂ ಆಂಬ್ರೋಸ್ ಸುರುಳಿ ಬಿಚ್ಚಿದ. ಮೊದಲ ಕೊಳವೆ ಮುಗಿಯುವಷ್ಟರಲ್ಲಿ ಅವನ ಮನೆ ಸೋರುವ ವಿಷಯ ಅವಳಿಗೆ ತಿಳಿಯಿತು. ಎರಡನೆಯದರಲ್ಲಿ ಅವಳ ಚಿಕ್ಕಮ್ಮನ ಬಾಯಿ ಎಂಥದ್ದೆಂದು ಇವನಿಗೆ ತಿಳಿಯಿತು. ಮೂರನೆಯದನ್ನು ಇಬ್ಬರೂ ಹಂಚಿಕೊಂಡರು.

ತಕ್ಕಡಿಯ ಮುಂದೆ ಕಂಪನಿಯ ಗುಮಾಸ್ತ ಹುಬ್ಬು ಗಂಟಿಕ್ಕಿದ. "ಕಮ್ಮಿ ಇದೆಯಲ್ಲಯ್ಯಾ."

ಗೈಲ್ಸ್ ತನ್ನ ಗಾಡಿ ಮುಂದೆ ನೂಕಿದ. "ನನ್ನದು ತೂಗಿ ಸ್ವಾಮಿ. ಜನ್ಮದಲ್ಲಿ ಒಂದೆಲೆ ಸೇದಿದವನಲ್ಲ ನಾನು!"

"ಸೇದೇ ಇಲ್ವಾ?" ಡಾರ್ಕಸ್ ಕನಿಕರದಿಂದ ನೋಡಿದಳು. "ಮತ್ತೆ ಅದು ಚೆನ್ನಾಗಿದೆ ಅಂತ ಹೇಗಪ್ಪಾ ಗೊತ್ತು?" ಗುಮಾಸ್ತನ ಕಡೆ ತಿರುಗಿದಳು. "ಸ್ವಾಮಿ, ಕಮ್ಮಿಯಾಗಿದ್ದು ನಾನು ಸೇದಿದ್ದು. ನನ್ನ ಬಾಬ್ತು ನನಗೇ ಸಂದಾಯ ಆಗಿದೆ, ಬರ್ಕೊಳ್ಳಿ."

"ಸಂದಾಯ ಆಗ್ಬೇಕಾದ್ದು ಕಂಪನಿಗೆ ತಾಯಿ!"

"ಹಾಗಾದ್ರೆ ನನ್ನನ್ನ ವಾಪಸ್ ಹಡಗು ಹತ್ತಿಸಿ. ಆ ಸೇದದ ಗಂಡು ನನಗೆ ಬೇಡ. ಹೋಗೋ ಖರ್ಚು ಯಾರು ಕೊಡ್ತೀರಿ, ನೀವಾ?"

ಗುಮಾಸ್ತ ಹಡಗು ನೋಡಿದ, ಅವಳನ್ನು ನೋಡಿದ, ಆಕಾಶ ನೋಡಿದ. ಆಮೇಲೆ ಬಲು ಆಯಾಸವಾದವನಂತೆ ಮೊಣಕೈಯನ್ನು ತಕ್ಕಡಿಯ ಸೊಪ್ಪಿನ ತಟ್ಟೆಯ ಮೇಲೆ ಊರಿದ. ತಟ್ಟೆ ಕೆಳಗಿಳಿಯಿತು.

"ನೂರಿಪ್ಪತ್ತು," ಎಂದು ಕೂಗಿದ. "ಮುಂದಿನವರು ಬನ್ನಿ!"

ಮದುವೆಯ ಊಟದಲ್ಲಿ ಸಿಂಪಿ ಮಾಂಸಕ್ಕಿಂತ ಹೆಚ್ಚಾಗಿ ಜನ ಅವಳು ಇವನಿಗೆ ಹೇಗೆ ಒಲಿದಳೆಂಬ ಮಾತನ್ನೇ ಮೆಲ್ಲುತ್ತಿದ್ದರು. ಒಬ್ಬ ಕಾಡಿನ ಬೇರು ಎಂದ, ಒಬ್ಬಳು ಮಂತ್ರ ಎಂದಳು. ಗೈಲ್ಸ್ ತಡೆಯಲಾರದೆ ವರನ ಕಿವಿಗೆ ಬಾಗಿದ. "ನಿಜ ಹೇಳೋ ಆಂಬ್ರೋಸ್, ಅಷ್ಟು ಗಂಡಸರ ಮಧ್ಯೆ ಅವಳಿಗೆ ಅದೇನು ಮೋಡಿ ಮಾಡ್ದೆ?"

ಇಡೀ ಪಂಕ್ತಿ ಅಗಿಯುವುದನ್ನು ನಿಲ್ಲಿಸಿತು.

"ಬೆಂಕಿ ಕೇಳಿದ್ಲು," ಅಂದ ಆಂಬ್ರೋಸ್. "ತಂದುಕೊಟ್ಟೆ."